ಬಿಸಿ ಕಾಫಿ ಲೋಟದ ಕೆಳಗೆ ಆಲ್ಕೋಹಾಲ್ ಇಂಕ್

ತಂಗಿ ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶಕ್ಕೆ ಪಾತ್ರೆ, ಗಡಿಯಾರ ಯಾವುದೂ ಬೇಡ, ನಿನ್ನ ಕೈಯಾರೆ ಏನಾದರೂ ಮಾಡಿಕೊಡು ಅಂದಳು. ಬೇಡಿಕೆ ಎರಡು: ಬಾಗಿಲ ಪಕ್ಕಕ್ಕೆ ಮನೆ ಹೆಸರಿನ ಫಲಕ, ಟೀಪಾಯ್ ಮೇಲೆ ಲೋಟ ಇಡಲು ಆರು ಕೋಸ್ಟರ್. ಎರಡಕ್ಕೂ ಮಾದರಿಯನ್ನು ಅವಳೇ ಫೋನಿನಲ್ಲಿ ಹುಡುಕಿ ಇಟ್ಟುಕೊಂಡಿದ್ದಳು. ನೀಲಿ ಹೊಗೆ ಹರಡಿದಂತೆ ಬಣ್ಣ, ನಡುನಡುವೆ ಚಿನ್ನದ ಗೆರೆ. ನೋಡಿದ ತಕ್ಷಣ ಗೊತ್ತಾಗುತ್ತದೆ, ಆಲ್ಕೋಹಾಲ್ ಇಂಕ್ ಕೆಲಸ.

ಈ ಇಂಕ್ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು "ಯಾವ ಕಂಪನಿದು ತಗೊಳ್ಳಲಿ?" ಎಂದು. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಮಾಡಿದ ವಸ್ತು ಎಲ್ಲಿ ಕೂರುತ್ತದೆ, ಅದಕ್ಕೆ ಬಿಸಿಲು ತಾಗುತ್ತದೋ ಬಿಸಿ ತಾಗುತ್ತದೋ ಕೈ ತಾಗುತ್ತದೋ ಎಂಬುದು ಇತ್ಯರ್ಥವಾದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ.

ಸೀಸೆಯೊಳಗೆ ಇರುವುದು ಬಣ್ಣ, ಅದನ್ನು ಕರಗಿಸಿಕೊಂಡಿರುವ ಆಲ್ಕೋಹಾಲ್, ಆರಿದ ಮೇಲೆ ಬಣ್ಣವನ್ನು ಕಚ್ಚಿ ಹಿಡಿಯಲು ಒಂದಿಷ್ಟು ರಾಳ. ನಮ್ಮ ಬಡಗಿಗಳು ಸ್ಪಿರಿಟ್‌ನಲ್ಲಿ ಅರಗು ಕರಗಿಸಿ, ಬಣ್ಣದ ಪುಡಿ ಬೆರೆಸಿ ಬಾಗಿಲಿಗೆ ಹೊಡೆಯುವ ಫ್ರೆಂಚ್ ಪಾಲಿಶ್ ಕೂಡ ಇದೇ ಕುಲದ್ದು. ಆ ಪಾಲಿಶ್ ಹೊಡೆದ ಮೇಜಿನ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಸ್ಪಿರಿಟ್ ಚೆಲ್ಲಿದರೆ ಅಂಟಂಟಾಗುತ್ತದೆ. ಆಲ್ಕೋಹಾಲ್ ಇಂಕ್‌ಗೂ ಅದೇ ಸ್ವಭಾವ. ಆರಿ ಗಟ್ಟಿಯಾದ ಮೇಲೂ ಒಂದು ಹನಿ ಆಲ್ಕೋಹಾಲ್ ಬಿದ್ದರೆ ಮತ್ತೆ ಕರಗಿ ಹರಿಯುತ್ತದೆ. ಅದರ ಚಂದವೆಲ್ಲ ಬರುವುದು ಈ ಗುಣದಿಂದ, ರಗಳೆಯೆಲ್ಲ ಬರುವುದೂ ಇದರಿಂದಲೇ.

ಹೀರುವ ಮೈ ಇದಕ್ಕೆ ಆಗಿಬರುವುದಿಲ್ಲ. ಡ್ರಾಯಿಂಗ್ ಹಾಳೆ, ಪಾಲಿಶ್ ಹೊಡೆಯದ ಮರ, ಹತ್ತಿ ಬಟ್ಟೆ ಹನಿಯನ್ನು ಬಿದ್ದಲ್ಲೇ ಕುಡಿದುಬಿಡುತ್ತವೆ. ಗ್ಲೇಜ್ ಇರುವ ಟೈಲ್, ಗಾಜು, ಲೋಹದ ತಗಡು, ಪ್ಲಾಸ್ಟಿಕ್ ಹಾಳೆ ಆಗುತ್ತದೆ. ಇದಕ್ಕೆಂದೇ ಕಲಾವಿದರು ಕೊಳ್ಳುವ ಯೂಪೊ ಜಪಾನ್ ಮೂಲದ ಪಾಲಿಪ್ರೊಪಿಲೀನ್ ಹಾಳೆ. ಹೆಸರಿಗೆ ಕಾಗದ, ಒಳಗೆ ನಾರೇ ಇಲ್ಲ. ಅಕ್ರಿಲಿಕ್ ಹಾಳೆಯ ಬಗ್ಗೆ ಮಾತ್ರ ಹುಷಾರು. ಕತ್ತರಿಸಿದ ಅಂಚಿಗೆ ಆಲ್ಕೋಹಾಲ್ ಇಳಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡಬಹುದು.

ಫಲಕದ ವಿಷಯ

ತಂಗಿಯ ಮನೆ ಬಾಗಿಲು ಪಶ್ಚಿಮಕ್ಕೆ. ಮಧ್ಯಾಹ್ನ ಎರಡರಿಂದ ಹೊತ್ತು ಮುಳುಗುವವರೆಗೆ ನೇರ ಬಿಸಿಲು. ಬಿ.ಎಚ್. ರಸ್ತೆಯ ಬದಿಯಲ್ಲಿ ಯಾರೂ ತೆಗೆಯದೆ ಬಿಟ್ಟ ಹಳೇ ಫ್ಲೆಕ್ಸ್‌ಗಳನ್ನು ಗಮನಿಸಿ. ಅದರಲ್ಲಿರುವ ಮುಖಗಳೆಲ್ಲ ನೀಲಿಗಟ್ಟಿರುತ್ತವೆ. ಕೆಂಪು, ಹಳದಿ ಮೊದಲು ಹಾರಿಹೋಗಿ ನೀಲಿಯೊಂದೇ ಉಳಿದಿರುತ್ತದೆ. ಆಲ್ಕೋಹಾಲ್ ಇಂಕ್‌ಗಳಲ್ಲಿ ಹೆಚ್ಚಿನವು ಕರಗುವ ಬಣ್ಣದಿಂದ ಮಾಡಿದವು, ಅಂದರೆ ಡೈ. ಪೇಂಟಿನಲ್ಲಿರುವಂತೆ ಕಲ್ಲಿನ ಪುಡಿಯಂಥ ಕಣ ಅಲ್ಲ, ಅಣು ಅಣುವಾಗಿ ಕರಗಿದ ಬಣ್ಣ. ನೇರಳಾತೀತ ಕಿರಣ ಆ ಅಣುಗಳನ್ನು ಒಡೆಯುತ್ತದೆ. ಗುಲಾಬಿ, ನೇರಳೆ ಬಣ್ಣಗಳು ಎಲ್ಲರಿಗಿಂತ ಬೇಗ ಸೋಲುತ್ತವೆ.

"ಅಕ್ಕಾ, ಮೇಲೊಂದು ಗಾಜು ಹಾಕಿಸಿಬಿಟ್ರೆ?"

"ಗಾಜಿನ ಕಿಟಕಿ ಹಿಂದೆ ಇರೋ ಕರ್ಟನ್ ಬಣ್ಣ ಹೋಗಲ್ವೇನೇ?"

ಅವಳಿಗೆ ಅದಕ್ಕೆ ಉತ್ತರ ಇರಲಿಲ್ಲ. ಸಾದಾ ಗಾಜು ನೇರಳಾತೀತದ ಯುವಿಬಿ ಭಾಗವನ್ನು ಬಹುಪಾಲು ತಡೆಯುತ್ತದೆ; ಯುವಿಎ ಹೆಚ್ಚಿನದು ಒಳಗೆ ಬಂದೇ ಬರುತ್ತದೆ. ಯುವಿ ತಡೆಯುವ ವಾರ್ನಿಷ್ ಸ್ಪ್ರೇ ಹೊಡೆದರೆ ಬಣ್ಣ ಮಾಸುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಬಾಯಿಮಾತಿಗೆ ನಂಬಲಿಕ್ಕಿಲ್ಲ ಎಂದು ಒಂದು ಟೈಲ್‌ಗೆ ಗುಲಾಬಿ, ನೇರಳೆ, ನೀಲಿ, ಕಪ್ಪು ಪಟ್ಟಿ ಎಳೆದು, ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ನಮ್ಮ ತಾರಸಿಯ ನೀರಿನ ಟ್ಯಾಂಕ್ ಪಕ್ಕ ಇಟ್ಟೆ. ಬೇಸಿಗೆಯ ಬಿಸಿಲು ಕೆಲಸ ಮಾಡಿತು. ಫಾಯಿಲ್ ಬಿಚ್ಚಿದಾಗ ಮುಚ್ಚಿದ ಕಡೆಯ ಗುಲಾಬಿ ದಾಸವಾಳದಷ್ಟು ಗಾಢ, ಬಿಸಿಲಿಗೆ ತೆರೆದಿದ್ದ ಕಡೆ ಅಲ್ಲಿ ಬಣ್ಣ ಇತ್ತು ಎಂದು ಹೇಳಿದರಷ್ಟೇ ಗೊತ್ತಾಗಬೇಕು. ನಡುವೆ ಸ್ಕೇಲ್ ಇಟ್ಟು ಎಳೆದಂತೆ ಗೆರೆ. ನೀಲಿ ಪರವಾಗಿಲ್ಲ, ಕಪ್ಪು ಕಂದಾಗಿತ್ತು.

ತಂಗಿ ಮುಖ ಸಣ್ಣ ಮಾಡಿದಳು, ಆದರೆ ಒಪ್ಪಿದಳು. ಹೊರಗಡೆಗೆ ಗ್ರಾನೈಟ್ ಮೇಲೆ ಕೆತ್ತಿಸುವುದು, ಇಂಕ್ ಫಲಕ ಹಾಲ್‌ನಲ್ಲಿ ಕಿಟಕಿಗೆ ಎದುರಲ್ಲದ ಗೋಡೆಗೆ. ಹೊರಬಾಗಿಲಿಗೆ ಆಲ್ಕೋಹಾಲ್ ಇಂಕ್ ಫಲಕ ಮಾಡಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಕೊಳ್ಳುವವರು ಬಾಗಿಲು ಯಾವ ದಿಕ್ಕಿಗೆ ಎಂದು ನೋಡಿಕೊಂಡು ಕೊಳ್ಳಲಿ.

ಸಾಮಾನು

ನನ್ನ ಹತ್ತಿರ ಎರಡು ಕಂಪನಿಯ ಇಂಕ್ ಇವೆ. ರೇಂಜರ್‌ನ ಟಿಮ್ ಹೋಲ್ಟ್ಜ್ ಸಾಲಿನದು ಮೂರು ಮೂರರ ಪ್ಯಾಕ್‌ನಲ್ಲಿ ಬರುತ್ತದೆ, ಜ್ಯಾಕ್ವಾರ್ಡ್‌ನ ಪಿನ್ಯಾಟಾ ಬಿಡಿ ಸೀಸೆಯೂ ಸಿಗುತ್ತದೆ. ಎರಡರ ಸೀಸೆಯೂ ಅರ್ಧ ಔನ್ಸ್, ಸುಮಾರು 15 ಮಿ.ಲೀ. ತುಮಕೂರಿನಲ್ಲಿ ಅಂಗಡಿ ಸುತ್ತಿದರೆ ಸಿಕ್ಕುವ ಭರವಸೆ ಕಡಿಮೆ, ಆನ್‌ಲೈನ್ ತರಿಸುವುದೇ ಸಲೀಸು. ಪಿನ್ಯಾಟಾ ಗಾಢ, ಒಂದು ಹನಿ ಬಿದ್ದರೆ ಅಂಗೈ ಅಗಲ ಹರಡುತ್ತದೆ. ರೇಂಜರ್‌ನಲ್ಲಿ ಮಾಸಲು ಮಣ್ಣಿನ ಛಾಯೆಗಳು ಚೆನ್ನಾಗಿವೆ. ಮೊದಲ ಸಲ ಕೊಳ್ಳುವವರು ಇಪ್ಪತ್ತು ಬಣ್ಣದ ಡಬ್ಬಿಗೆ ಮರುಳಾಗಬೇಡಿ. ಒಂದು ನೀಲಿ, ಒಂದು ಹಸಿರುನೀಲಿ, ಒಂದು ಕಂದು, ಬಿಳಿ, ಚಿನ್ನ ಸಾಕು. ಎಲ್ಲ ಬಣ್ಣವೂ ಪಾರದರ್ಶಕ, ಒಂದರ ಮೇಲೊಂದು ಬಿದ್ದು ಮೂರನೆಯದು ತಾನೇ ಹುಟ್ಟುತ್ತದೆ. ಎದುರುಬದುರು ಬಣ್ಣಗಳು, ಅಂದರೆ ಕಿತ್ತಳೆ ಮತ್ತು ನೀಲಿ ಅಂಥವು, ಒಟ್ಟಿಗೆ ಹರಿದರೆ ಕೆಸರು.

ಬಿಳಿ ಮತ್ತು ಚಿನ್ನದ ಜಾತಿಯೇ ಬೇರೆ. ಅವು ಡೈ ಅಲ್ಲ, ಕಣ. ಸೀಸೆಯ ತಳಕ್ಕೆ ಕೂತಿರುತ್ತವೆ. ಪ್ರತಿ ಸಲವೂ ಚೆನ್ನಾಗಿ ಅಲ್ಲಾಡಿಸದೆ ಹಾಕಿದರೆ ಬರುವುದು ಚಿನ್ನವಲ್ಲ, ಹಳದಿ ನೀರು.

ಕೈ ಕುದುರಿಸಲು ಇಷ್ಟು ದುಡ್ಡು ಯಾಕೆ ಎನ್ನುವವರಿಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪರ್ಮನೆಂಟ್ ಮಾರ್ಕರ್‌ನ ರೀಫಿಲ್ ಇಂಕ್ ಇದೆ. ಅದೂ ಆಲ್ಕೋಹಾಲ್‌ನದೇ. ಹೊಳಪು ಕಡಿಮೆ, ಬಣ್ಣ ನಾಲ್ಕೇ, ಆದರೆ ಹರಿಯುವ ರೀತಿ ಕಲಿಯಲು ಧಾರಾಳ. ಕಪ್ಪು ರೀಫಿಲ್ ಹರಡುವಾಗ ಅಂಚಿನಲ್ಲಿ ಕೆನ್ನೀಲಿ, ಕೆಂಪು ಬೇರೆಬೇರೆಯಾಗಿ ಒಡೆಯುತ್ತದೆ. ನನಗೆ ಅದು ದುಬಾರಿ ಸೀಸೆಗಿಂತ ಇಷ್ಟ. ವೈಟ್‌ಬೋರ್ಡ್ ಮಾರ್ಕರ್‌ನದು ಮಾತ್ರ ತರಬೇಡಿ, ಅದು ಒರೆಸಿದರೆ ಹೋಗಲೆಂದೇ ಮಾಡಿದ್ದು.

ತೆಳು ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. 99 ಪರ್ಸೆಂಟ್ ಇದ್ದರೆ ಒಳ್ಳೆಯದು, 90ಕ್ಕಿಂತ ಕೆಳಗೆ ಬೇಡ. ಮೆಡಿಕಲ್ ಶಾಪಿನ 70 ಪರ್ಸೆಂಟ್‌ನಲ್ಲಿ ಉಳಿದದ್ದು ನೀರು; ಇಂಕ್ ಮಂಕಾಗುತ್ತದೆ, ಆರುವುದೂ ತಡ. ಸ್ಯಾನಿಟೈಜರ್‌ನಲ್ಲಿ ಗ್ಲಿಸರಿನ್ ಬೇರೆ ಇರುತ್ತದೆ, ಅಂಟು ಬಿಡುವುದೇ ಇಲ್ಲ. ನಾನು ತರುವುದು ಮೊಬೈಲ್ ರಿಪೇರಿಯವರಿಗೆ ಸಾಮಾನು ಮಾರುವ ಅಂಗಡಿಯಿಂದ. ನೀರಿಗೆ ಬಿದ್ದ ಫೋನಿನ ಬೋರ್ಡ್ ತೊಳೆಯಲು ಅವರು ಇದನ್ನೇ ಬಳಸುತ್ತಾರೆ. ಎಂ.ಜಿ. ರಸ್ತೆಯಲ್ಲಿ ಕೇಳಿದರೆ "ಐಪಿಎ" ಎಂದರೆ ಸಾಕು, ಡಬ್ಬ ಮುಂದೆ ಬರುತ್ತದೆ. ಬರೀ ಐಪಿಎ ಜಾಸ್ತಿ ಹಾಕಿದರೆ ಇಂಕ್‌ನ ರಾಳವೂ ತೆಳುವಾಗಿ ಹೊಳಪು ಹೋಗುತ್ತದೆ, ಬಣ್ಣ ಗಟ್ಟಿಯಾಗಿ ಕಚ್ಚುವುದಿಲ್ಲ. ಅದಕ್ಕೆ ರೇಂಜರ್‌ನವರ ಬ್ಲೆಂಡಿಂಗ್ ಸೊಲ್ಯೂಷನ್, ಪಿನ್ಯಾಟಾದವರ ಕ್ಲಾರೊ ಎಕ್ಸ್‌ಟೆಂಡರ್ ಇವೆ. ದೊಡ್ಡ ಹಿನ್ನೆಲೆಗೆ ಐಪಿಎ, ಹೊಳಪು ಬೇಕಾದ ಕಡೆ ಇವು ಎಂದು ಹಂಚಿಕೊಂಡರೆ ಖರ್ಚು ತಡೆಯುತ್ತದೆ.

ಯೂಪೊ ಬದಲು ಡಿಜಿಟಲ್ ಪ್ರಿಂಟಿಂಗ್ ಅಂಗಡಿಯವರು ಎನ್‌ಟಿ (ನಾನ್-ಟಿಯರೆಬಲ್) ಎನ್ನುವ, ಎಳೆದರೂ ಹರಿದುಹೋಗದ ಹಾಳೆ ಕೊಡುತ್ತಾರೆ, ಐಡಿ ಕಾರ್ಡ್, ಸರ್ಟಿಫಿಕೇಟ್‌ಗೆ ಹಾಕುವಂಥದ್ದು. ಒಂದೊಂದು ಕಂಪನಿಯದು ಒಂದೊಂದು ಥರ, ಕೆಲವಕ್ಕೆ ಮೇಲೆ ಲೇಪ ಇರುತ್ತದೆ. ಒಂದು ತುಂಡು ತಂದು ಹನಿ ಹಾಕಿ ನೋಡಿ, ಹನಿ ಓಡಾಡಿದರೆ ಕೊಳ್ಳಿ.

ಕೋಸ್ಟರ್: ಟೈಲ್ ಯಾಕೆ ಆಗಲಿಲ್ಲ

ಟೈಲ್ ಕೋಸ್ಟರ್ ಎಲ್ಲರೂ ಮಾಡುವುದು. ತಂಗಿಯ ಬಚ್ಚಲಮನೆಗೆ ಹಾಕಿ ಮಿಕ್ಕ ಬಿಳಿ ಟೈಲ್ ಚೂರುಗಳೂ ಇದ್ದವು. ಇಂಕ್ ಹಾಕಿ, ಆರಿಸಿ, ಮೇಲೆ ಹಾರ್ಡ್‌ವೇರ್ ಅಂಗಡಿಯ ಕ್ಲಿಯರ್ ಸ್ಪ್ರೇ ಹೊಡೆದು ಪರೀಕ್ಷೆಗೆ ಇಟ್ಟೆ. ಪರೀಕ್ಷೆ ನಮ್ಮ ಮನೆಯದೇ: ಆಗತಾನೇ ಸೋಸಿದ ಫಿಲ್ಟರ್ ಕಾಫಿ, ಸ್ಟೀಲ್ ಲೋಟ. ಪಿಂಗಾಣಿ ಕಪ್ಪಿಗೆ ತಳದಲ್ಲಿ ದಪ್ಪ ಉಂಟು. ಸ್ಟೀಲ್ ಲೋಟದ ತಳ ತಗಡು, ಒಳಗಿನ ಬಿಸಿ ಹಾಗೇ ಕೆಳಗಿಳಿಯುತ್ತದೆ. ಕಾಫಿ ಮುಗಿಸಿ ಲೋಟ ಎತ್ತಿದರೆ "ಚಿಟ್" ಎಂದಿತು. ವಾರ್ನಿಷ್ ಮೆತ್ತಗಾಗಿ ಲೋಟಕ್ಕೆ ಕಚ್ಚಿತ್ತು, ಟೈಲ್ ಮೇಲೆ ಮಂಕು ಉಂಗುರ.

ಮೇಲೆ ರೆಸಿನ್, ಅಂದರೆ ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ, ಹಾಕು ಎನ್ನುತ್ತಾರೆ. ಕರಕುಶಲಕ್ಕೆ ಸಿಗುವ ಸಾಮಾನ್ಯ ಎಪಾಕ್ಸಿ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ, ಕಾಫಿ ಅದಕ್ಕಿಂತ ಬಿಸಿ. ತಣ್ಣನೆ ಜ್ಯೂಸ್ ಕುಡಿಯುವ ಮನೆಗೆ ಸರಿ. ಶಾಖ ತಡೆಯುವ ರೆಸಿನ್ ಬೇರೆ ಬರುತ್ತದೆ, ಅದರ ಬೆಲೆಗೆ ಆರು ಹೊಸ ಲೋಟವೇ ಬರುತ್ತದೆ.

ಬಣ್ಣವನ್ನು ಲೋಟಕ್ಕೆ ತಾಗದ ಕಡೆ ಇಟ್ಟರೆ ಆಯಿತಲ್ಲ? ಮೈಸೂರು, ತಂಜಾವೂರು ಕಡೆ ಹಿಂದಿನವರು ದೇವರ ಚಿತ್ರಗಳನ್ನು ಗಾಜಿನ ಹಿಂಬದಿಗೆ ಬರೆಯುತ್ತಿದ್ದರು, ನೋಡುವುದು ಮುಂಬದಿಯಿಂದ. ಅದೇ ಉಪಾಯ. ಲೋಟ ಗಾಜಿನ ಮೇಲೆ, ಇಂಕ್ ಗಾಜಿನ ಕೆಳಗೆ. ಟೀಪಾಯ್ ಗಾಜಿನ ಮೇಲೆ ದಿನಾ ಬಿಸಿ ಲೋಟ ಇಡುತ್ತೇವೆ, ಏನೂ ಆಗುವುದಿಲ್ಲ.

ಗಾಜು

ಫೋಟೊ ಫ್ರೇಮ್ ಹಾಕುವವರ ಹತ್ತಿರ 5 ಎಂ.ಎಂ. ಗಾಜು, ನಾಲ್ಕು ಇಂಚು ಚೌಕ, ಅಂಚು ಮೆಷಿನ್‌ಗೆ ಕೊಟ್ಟು ಉಜ್ಜಿಸಿ, ಮೂಲೆ ಮೊಂಡು ಮಾಡಿಸಿ ತಂದೆ. ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, ಐಪಿಎಯಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಆಮೇಲೆ ಅಂಚು ಹಿಡಿದೇ ಎತ್ತಬೇಕು. ಬೆರಳಿನ ಜಿಡ್ಡು ಇದ್ದಲ್ಲಿ ಇಂಕ್ ಕೂರುವುದಿಲ್ಲ, ಹೆಬ್ಬೆಟ್ಟಿನ ಗುರುತು ಖಾಲಿಯಾಗಿ ಹಾಗೇ ಕಾಣುತ್ತದೆ.

ಜಾಗ ವರಾಂಡ. ಅಡುಗೆಮನೆ ಖಂಡಿತ ಬೇಡ, ದೇವರಮನೆ ಪಕ್ಕವೂ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್‌ನ ಆವಿ 12 ಡಿಗ್ರಿಯಿಂದಲೇ ಕಿಡಿಗೆ ಹತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲಿ ಹರಿಯುತ್ತದೆ. ಮೂಲೆಯಲ್ಲಿ ಹಚ್ಚಿಟ್ಟ ದೀಪದವರೆಗೆ ಅದು ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಒದ್ದೆ ಇಂಕ್‌ಗೆ ಲೈಟರ್ ಹಿಡಿದು ಬೆಂಕಿ ಓಡಿಸುವ ವಿಡಿಯೊಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸ್ಟ್ರಾ ಬಾಯಲ್ಲಿಟ್ಟು ಊದುವುದೂ ಬೇಡ, ಮುಂದಿನ ಉಸಿರಿಗೆ ಒಳಗೆ ಬರುವುದು ಅದೇ ಆವಿ. ಕ್ಯಾಮೆರಾ ಲೆನ್ಸ್‌ನ ಧೂಳು ಊದುವ ರಬ್ಬರ್ ಬುರುಡೆ ಇದೆಯಲ್ಲ, ಅದು ಹೇಳಿ ಮಾಡಿಸಿದ ಹಾಗಿದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳದಿದ್ದರೆ ಉಗುರಿನ ಸಂದಿಯ ನೀಲಿ ಒಂದು ವಾರ ಎಲ್ಲರಿಗೂ ಸುದ್ದಿ ಹೇಳುತ್ತದೆ.

ಮಳೆ ಬರುವ ದಿನ ಕೆಲಸ ಮುಂದೂಡಿದೆ. ಆಲ್ಕೋಹಾಲ್ ಬೇಗ ಆವಿಯಾಗುವಾಗ ಗಾಜನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಆ ತಣ್ಣನೆ ಮೈಮೇಲೆ ಕೂತು ಇಂಕ್ ಹಾಲುಹಾಲಾಗುತ್ತದೆ.

ಹಿಂಬದಿಗೆ ಬಳಿಯುವಾಗ ಲೆಕ್ಕ ತಲೆಕೆಳಗು. ಮೊದಲು ಹಾಕಿದ್ದೇ ಎದುರಿಗೆ ಕಾಣುವುದು. ಹಾಗಾಗಿ ಚಿನ್ನ ಮೊದಲು. ಎರಡು ಹನಿ ಗೋಲ್ಡ್, ಪಕ್ಕಕ್ಕೆ ಒಂದು ಹನಿ ಐಪಿಎ, ಬುರುಡೆಯಿಂದ ಮೆಲ್ಲಗೆ ಒಂದು ಪುಸ್ಕ್. ಚಿನ್ನ ಎಳೆಎಳೆಯಾಗಿ ಓಡುತ್ತದೆ. ಟೈಲ್ ಮೇಲೆ ಇದೇ ಚಿನ್ನ ತಳ ಸೇರಿ ಬಣ್ಣದಡಿ ಅಡಗುತ್ತಿತ್ತು. ಗಾಜಿನಲ್ಲಿ ಆ ತಳವೇ ಎದುರುಮೈ, ಭಾರದ ಕಣ ಕೂತಷ್ಟೂ ನಮಗೆ ಲಾಭ. ಅದು ಆರಿದ ಮೇಲೆ ನೀಲಿಯನ್ನು ಚಿನ್ನದ ಮೇಲೆ ಸುರಿಯಬಾರದು, ಕರಗಿಸಿ ಎಳೆದುಕೊಂಡು ಹೋಗುತ್ತದೆ. ಪಕ್ಕದಲ್ಲಿ ಹಾಕಿ ಚಿನ್ನದ ಅಂಚಿನವರೆಗೆ ಮಾತ್ರ ಊದಬೇಕು.

ನೀಲಿ ಆರಿದ ಮೇಲೆ ಅದರ ನಡುವೆ ಬರೀ ಐಪಿಎ ಒಂದೇ ಒಂದು ಹನಿ ಬಿಡಿ. ಇದನ್ನು ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಬಿದ್ದ ಜಾಗದಲ್ಲಿ ಬಣ್ಣ ಕರಗಿ ಸುತ್ತಲೂ ಸರಿಯುತ್ತದೆ, ಮಧ್ಯೆ ಬೆಳಕಿನ ಬಟ್ಟಲು ತೆರೆಯುತ್ತದೆ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಂಥ ಗಾಢ ಗೆರೆ ಕಟ್ಟುತ್ತದೆ. ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚು ಮಾತ್ರ ಕಪ್ಪಾಗಿರುವುದು ಯಾಕೆ ಎಂದು 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದ್ದರು. ಹನಿಯ ಅಂಚು ಬೇಗ ಆರುತ್ತದೆ, ಆರಿದ್ದನ್ನು ತುಂಬಲು ನಡುವಿನಿಂದ ದ್ರವ ಹೊರಗೆ ಹರಿಯುತ್ತದೆ, ಬರುವಾಗ ಬಣ್ಣವನ್ನೂ ಹೊತ್ತು ತರುತ್ತದೆ. ಇಲ್ಲಿಯ ಗೆರೆಯಲ್ಲೂ ಆ ಹರಿವಿನ ಕೈ ಇದೆ. ಗೆರೆ ಬೇಕಾದರೆ ಊದಬೇಡಿ, ಸುಮ್ಮನೆ ಆರಲು ಬಿಡಿ. ಹೊಗೆಯಂಥ ಅಂಚು ಬೇಕಾದರೆ ಆರುವ ಮುನ್ನವೇ ಊದುತ್ತಿರಿ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನನ್ನದೊಂದು ಅಳತೆ: ಕೈಯಲ್ಲಿರುವ ಹನಿ ಎಲ್ಲಿಗೆ ಎಂದು ಹುಡುಕುವ ಹಾಗಾದರೆ ಕೆಲಸ ಮುಗಿದಿದೆ ಅಂತ.

ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿ ಐಪಿಎಯಲ್ಲಿ ಅದ್ದಿ ನಾಲ್ಕೂ ಅಂಚಿನಲ್ಲಿ 3 ಎಂ.ಎಂ.ನಷ್ಟು ಬಣ್ಣ ಒರೆಸಿ ತೆಗೆದೆ. ಬರಿಗಾಜಿನ ಈ ಗಡಿಗೆ ಕೆಲಸ ಇದೆ, ಆಮೇಲೆ ಹಿಂಬದಿಗೆ ಅಂಟಿಸುವ ಬಿಳಿ ಸ್ಟಿಕರ್ ಗಟ್ಟಿಯಾಗಿ ಹಿಡಿಯುವುದು ಇಲ್ಲೇ.

ಒಂದು ರಾತ್ರಿ ಪೂರ್ತಿ ಆರಲು ಬಿಟ್ಟು ಕ್ಲಿಯರ್ ಸ್ಪ್ರೇ. ಸ್ಪ್ರೇಯೊಳಗೂ ಬಣ್ಣ ಕರಗಿಸುವ ದ್ರಾವಕವೇ ಇರುತ್ತದೆ. ಒಂದಡಿ ದೂರದಿಂದ ಇಬ್ಬನಿಯಷ್ಟು ಮಾತ್ರ, ಆರಿದ ಮೇಲೆ ಇನ್ನೊಂದು ತೆಳುಪದರ. ಒಂದೇ ಸಲಕ್ಕೆ ಒದ್ದೆಯಾಗುವಷ್ಟು ಹೊಡೆದರೆ ಇಡೀ ಚಿತ್ರ ಕಣ್ಣೆದುರೇ ಜಾರುತ್ತದೆ. ಬ್ರಶ್‌ನಲ್ಲಿ ಬಳಿಯುವ ಸ್ಪಿರಿಟ್ ವಾರ್ನಿಷ್ ಅಂತೂ ಹತ್ತಿರ ತರಬೇಡಿ.

ಇಂಕ್ ಪಾರದರ್ಶಕ, ಹಿಂದೆ ಬಿಳಿ ಇಲ್ಲದಿದ್ದರೆ ಟೀಪಾಯಿಯ ಕಂದು ಬಣ್ಣವೇ ಎದ್ದು ಕಾಣುತ್ತದೆ. ಗಾಡಿಗಳಿಗೆ ಅಕ್ಷರ ಕತ್ತರಿಸುವ ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ ಬಿಳಿ ವಿನೈಲ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂಗಡಿ ಹುಡುಗರು ಗುಳ್ಳೆ ಬರದಿರಲೆಂದು ಸೋಪು ನೀರು ಚಿಮುಕಿಸಿ ಅಂಟಿಸುತ್ತಾರೆ. ಇಲ್ಲಿ ನೀರು ಬೇಡ, ಒಣಗಿದ್ದಂತೆಯೇ ಅಂಟಿಸಬೇಕು. ಒಂದು ಅಂಚು ಕೂರಿಸಿ ಹಳೇ ಎಟಿಎಂ ಕಾರ್ಡಿನಿಂದ ಒತ್ತುತ್ತಾ ಬಂದರೆ ಗಾಳಿ ಮುಂದಕ್ಕೆ ಓಡುತ್ತದೆ. ಮಿಕ್ಕ ಅಂಚನ್ನು ಬ್ಲೇಡಿನಲ್ಲಿ ಗಾಜಿನ ಮಟ್ಟಕ್ಕೆ ಸವರಿದೆ.

ತೊಳೆಯುವಾಗ ನೀರು ನುಗ್ಗುವುದು ಸ್ಟಿಕರ್ ಅಂಚಿನಿಂದಲೇ. ಅಲ್ಲಿಗೆ ಸಿಲಿಕೋನ್ ಎಳೆದೆ. ಸಿಲಿಕೋನ್‌ನಲ್ಲೂ ಆಯ್ಕೆ ಇದೆ. ವಾಸನೆ ಇಲ್ಲದ ನ್ಯೂಟ್ರಲ್ ಬಗೆಯಲ್ಲಿ ಕೆಲವು ಗಟ್ಟಿಯಾಗುವಾಗ ಆಲ್ಕೋಹಾಲ್ ಬಿಡುತ್ತವೆ, ಬಣ್ಣದ ಪಕ್ಕ ಅದು ಯಾಕೆ ಬೇಕು? ವಿನೆಗರ್ ವಾಸನೆ ಹೊಡೆಯುವ ಅಸಿಟಾಕ್ಸಿ ತಗೊಂಡೆ. ಅದು ಬಿಡುವುದು ಅಸಿಟಿಕ್ ಆಮ್ಲ, ಗಾಜಿಗೂ ಚೆನ್ನಾಗಿ ಹಿಡಿಯುತ್ತದೆ. ಕೆಳಗೆ ನಾಲ್ಕು ಮೂಲೆಗೆ ಬೀರು ಬಾಗಿಲಿಗೆ ಹಚ್ಚುವ ಪಾರದರ್ಶಕ ಗುಂಡಿ.

ಮತ್ತೆ ಅದೇ ಕಾಫಿ, ಅದೇ ಲೋಟ. ಎತ್ತಿದರೆ ಸದ್ದಿಲ್ಲ, ಉಂಗುರವೂ ಇಲ್ಲ, ಒರೆಸಿದರೆ ಹೋಗುವ ಕಾಫಿ ಕಲೆ ಅಷ್ಟೇ. ಗಾಜಿನ ಮೇಲೆ ಸ್ಯಾನಿಟೈಜರ್ ಹಾಕಿಯೂ ನೋಡಿದೆ, ಬಣ್ಣ ಮಿಸುಕಲಿಲ್ಲ. ಸೀಲ್ ಮಾಡದ ಟೈಲ್ ಮೇಲೆ ಅದೇ ಹನಿ ಬಿದ್ದಾಗ ಬಿಳಿ ತೂತು ಬಿದ್ದಿತ್ತು. ತಂಗಿಗೆ ಹೇಳಿದ್ದು ಇಷ್ಟೇ: ನೀರಲ್ಲಿ ನೆನೆಹಾಕಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು, ಕಿಟಕಿ ಕಟ್ಟೆ ಮೇಲೆ ಬಿಸಿಲಿಗೆ ಇಡಬೇಡ. ತಟ್ಟೆ ಬಟ್ಟಲಿಗೂ ಇದೇ ಚಿತ್ತಾರ ಮಾಡಿಕೊಡು ಅಂದಳು. ಊಟ ತಾಗುವ ಕಡೆ, ತುಟಿ ತಾಗುವ ಕಡೆ ಈ ಇಂಕ್ ಹಾಕುವಂತಿಲ್ಲ, ಆಗಲ್ಲ ಅಂದೆ.

ಪ್ಯಾಲೆಟ್ ಮೇಲೆ ಒಣಗಿದ ಇಂಕ್ ತೊಳೆಯಬೇಡಿ, ಮುಂದಿನ ಸಲ ಒಂದು ಹನಿ ಐಪಿಎ ಹಾಕಿದರೆ ಎದ್ದುಬರುತ್ತದೆ. ಇಂಕ್ ಒರೆಸಿದ ಟಿಶ್ಯೂಗಳನ್ನು ಹೊರಗೆ ಪೂರ್ತಿ ಆರಿಸಿ ಆಮೇಲೆ ಕಸಕ್ಕೆ ಹಾಕಿ. ಹಾಲ್‌ನ ಫಲಕಕ್ಕೆ ಎರಡಡಿ ಅಗಲದ ಎನ್‌ಟಿ ಹಾಳೆ ತಂದಿಟ್ಟಿದ್ದೇನೆ. ಹೆಸರಿನ ಅಕ್ಷರಗಳನ್ನು ವಿನೈಲ್‌ನಲ್ಲಿ ಕತ್ತರಿಸಿ ಮೊದಲೇ ಅಂಟಿಸಿ, ಇಂಕ್ ಆರಿದ ಮೇಲೆ ಕಿತ್ತರೆ ಬಿಳಿ ಅಕ್ಷರ ಉಳಿಯಬೇಕು. ಅಂಚಿನಡಿ ಇಂಕ್ ನುಸುಳುತ್ತದೋ ಇಲ್ಲವೋ ಎಂದು ಮಿಕ್ಕ ತುಂಡಿನ ಮೇಲೆ "ಅ" ಒಂದನ್ನು ಅಂಟಿಸಿ ನೋಡುತ್ತಿದ್ದೇನೆ.